ಬೆಟ್ಟ ಹತ್ತುವಾಗ ಹಬ್ ಮೋಟಾರ್ ಕಾಯುವುದೇಕೆ?

ಪ್ರಶ್ನೆ: ಹಿಂದಿನ ಚಕ್ರದೊಳಗೇ ಮೋಟಾರ್ ಇರುವ ಎಲೆಕ್ಟ್ರಿಕ್ ಸ್ಕೂಟರ್ ನನ್ನದು. ಊರೊಳಗೆ ನಿಧಾನವಾಗಿ ಓಡಿಸಿದಷ್ಟೂ ಚಾರ್ಜ್ ಹೆಚ್ಚು ಬಾಳುತ್ತದೆ. ಅದೇ ಲೆಕ್ಕದಲ್ಲಿ ಹೋದ ತಿಂಗಳು ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟವನ್ನು ಸೈಕಲ್ ವೇಗದಲ್ಲಿ ಹತ್ತಿದೆ. ಮೇಲೆ ತಲುಪುವ ಹೊತ್ತಿಗೆ ಚಾರ್ಜ್ ಕಾಲುಭಾಗ ಇಳಿದಿತ್ತು. ಚಕ್ರದ ನಡುಭಾಗ ಮುಟ್ಟಲಾಗದಷ್ಟು ಕಾದಿತ್ತು. ನಿಧಾನವಾಗಿ ಹೋದರೂ ಹೀಗೇಕೆ? ಹಬ್ ಮೋಟಾರಿಗೆ ಯಾವ ವೇಗ, ಎಷ್ಟು ಭಾರ ಒಳ್ಳೆಯದು?
– ಒಬ್ಬ ಓದುಗರು, ಮೈಸೂರು

ಉತ್ತರ: ನಿಧಾನವಾಗಿ ಹೋದರೂ ಅಲ್ಲ, ನಿಧಾನವಾಗಿ ಹೋದದ್ದರಿಂದಲೇ ಅಷ್ಟು ಕಾದದ್ದು. ಸಮತಟ್ಟಾದ ರಸ್ತೆಯಲ್ಲಿ ನಿಮ್ಮ ಅನುಭವ ಸರಿಯಾಗಿಯೇ ಇದೆ. ಆದರೆ ಅಲ್ಲಿ ಚಾರ್ಜ್ ಉಳಿಸಿಕೊಡುವುದು ಮೋಟಾರ್ ಅಲ್ಲ, ಗಾಳಿ. ವೇಗ ಇಳಿದಾಗ ಗಾಳಿಯ ತಡೆ ಬಲು ಬೇಗ ಇಳಿಯುತ್ತದೆ, ಅದರ ಲಾಭ ನಿಮಗೆ ಸಿಗುತ್ತದೆ. ಮೋಟಾರಿನ ದಕ್ಷತೆ ಮಾತ್ರ ಅದೇ ಹೊತ್ತಿನಲ್ಲಿ ಕುಸಿಯುತ್ತಿರುತ್ತದೆ. ಊರೊಳಗೆ ಈ ಎರಡನೆಯ ಸಂಗತಿ ನಿಮ್ಮ ಗಮನಕ್ಕೆ ಬರಲಿಲ್ಲ, ಬೆಟ್ಟದಲ್ಲಿ ಬಂತು.

ಮೊದಲು ಚಕ್ರದೊಳಗೆ ಏನಿದೆ ನೋಡೋಣ. ನಿಮ್ಮ ಮನೆಯ ಸೀಲಿಂಗ್ ಫ್ಯಾನನ್ನು ನೆನೆದುಕೊಳ್ಳಿ. ಅದರ ನಡುವಿನ ಕಂಬಿ ತಿರುಗುವುದಿಲ್ಲ, ಸುತ್ತಲಿನ ಬಟ್ಟಲು ತಿರುಗುತ್ತದೆ. ಹಬ್ ಮೋಟಾರಿನ ಕಟ್ಟಡವೂ ಹಾಗೆಯೇ. ಚಕ್ರದ ಅಚ್ಚು ಅಲುಗಾಡದೆ ನಿಂತಿರುತ್ತದೆ. ಅದಕ್ಕೆ ತೆಳುವಾದ ಉಕ್ಕಿನ ಹಾಳೆಗಳನ್ನು ಒತ್ತಾಗಿ ಪೇರಿಸಿ ಮಾಡಿದ ಒಂದು ಗಾಲಿ ಭದ್ರವಾಗಿ ಕೂತಿರುತ್ತದೆ, ಅದರ ಹಲ್ಲುಗಳಿಗೆ ತಾಮ್ರದ ತಂತಿ ಸುತ್ತಿರುತ್ತದೆ. ಹೊರಗಿನ ಬಳೆಯ ಒಳಮೈಗೆ ಸಾಲಾಗಿ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಎಲೆಕ್ಟ್ರಿಕ್ ಸೈಕಲ್ಲುಗಳ ಹಬ್‌ಗಳಲ್ಲಿ ಬಹಳವಾಗಿ ಕಾಣುವ ಒಂದು ಜೋಡಣೆಯಲ್ಲಿ 51 ಹಲ್ಲು, 46 ಅಯಸ್ಕಾಂತ. ಸ್ಕೂಟರ್ 30 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಪುಟ್ಟ ಚಕ್ರ ನಿಮಿಷಕ್ಕೆ ಹೆಚ್ಚೂಕಡಿಮೆ 370 ಸುತ್ತು ಹಾಕುತ್ತದೆ. ವೇಗದಲ್ಲೂ ಅದು ಪೂರ್ತಿ ಹಾಕಿದ ಸೀಲಿಂಗ್ ಫ್ಯಾನಿನ ಜೊತೆಗಾರನೇ. ಗೇರ್ ಅಥವಾ ಬೆಲ್ಟ್ ಇರುವ ಸ್ಕೂಟರುಗಳಲ್ಲಿ ಮೋಟಾರ್ ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗಿ, ಆ ವೇಗವನ್ನು ಇಳಿಸಿಕೊಂಡು ಬಲವನ್ನು ಏರಿಸಿಕೊಳ್ಳುತ್ತದೆ. ನಿಮ್ಮ ಹಬ್ ಮೋಟಾರಿಗೆ ಆ ಅನುಕೂಲವಿಲ್ಲ. ಚಕ್ರಕ್ಕೆ ಬೇಕಾದ ಬಲವನ್ನೆಲ್ಲ ಅದು ನೇರವಾಗಿ ತನ್ನ ಮೈಯಿಂದಲೇ ಹುಟ್ಟಿಸಬೇಕು.

ಇಂಥ ಒಂದು ಮೋಟಾರನ್ನು ಬಿಚ್ಚುವುದನ್ನು ರೀವೈಂಡಿಂಗ್ ಅಂಗಡಿಯೊಂದರಲ್ಲಿ ಕೂತು ನೋಡಿದ್ದೇನೆ. ಬದಿಯ ಮುಚ್ಚಳದ ತಿರುಪುಗಳನ್ನು ಬಿಚ್ಚಿದರೂ ಒಳಗಿನ ಗಾಲಿ ಹೊರಗೆ ಬರಲೊಲ್ಲದು. ಅಯಸ್ಕಾಂತಗಳು ಅದನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತವೆ. ಪುಲ್ಲರ್ ಹಾಕಿ ಎಳೆದ ಮೇಲೆ ಕಂಡ ತಾಮ್ರದಲ್ಲಿ ಒಂದಷ್ಟು ಸುರುಳಿಗಳು ಜೇನಿನ ಬಣ್ಣಕ್ಕೆ ಹೊಳೆಯುತ್ತಿದ್ದವು, ಅವುಗಳ ಪಕ್ಕದ ಗುಂಪು ಇದ್ದಿಲಿನಂತೆ ಕಪ್ಪಾಗಿತ್ತು. ಸುಟ್ಟ ವಾರ್ನಿಷ್ ವಾಸನೆ ಅಂಗಡಿಯಿಡೀ ತುಂಬಿತು. ಎಲ್ಲ ಸುರುಳಿಗಳೂ ಸಮನಾಗಿ ಬೇಯದೆ ಕೆಲವೇ ಯಾಕೆ ಸುಟ್ಟವು ಎಂಬುದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆಗೂ ಅದಕ್ಕೂ ಸಂಬಂಧವಿದೆ.

ಮೋಟಾರಿನಲ್ಲಿ ಶಕ್ತಿ ಪೋಲಾಗುವ ದಾರಿಗಳು ಮುಖ್ಯವಾಗಿ ಎರಡು. ಒಂದು ತಾಮ್ರದಲ್ಲಿ, ಇನ್ನೊಂದು ಉಕ್ಕಿನಲ್ಲಿ.

ತಾಮ್ರದ ನಷ್ಟ ಭಾರಕ್ಕೆ ಸೇರಿದ್ದು. ಮೋಟಾರ್ ಎಷ್ಟು ಜೋರಾಗಿ ನೂಕಬೇಕೋ ಅಷ್ಟು ಕರೆಂಟ್ ಸುರುಳಿಯಲ್ಲಿ ಹರಿಯಬೇಕು. ನೂಕು ಎರಡು ಪಟ್ಟಾದರೆ ಕರೆಂಟ್ ಎರಡು ಪಟ್ಟು. ಆದರೆ ತಂತಿ ಕಾಯುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ನೂಕು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಇಲ್ಲಿ ಮುಖ್ಯವಾದ ಮಾತೆಂದರೆ, ಈ ಲೆಕ್ಕದಲ್ಲಿ ವೇಗದ ಹೆಸರೇ ಇಲ್ಲ. ಸ್ಕೂಟರ್ ತೆವಳುತ್ತಿರಲಿ, ಓಡುತ್ತಿರಲಿ, ನೂಕು ಒಂದೇ ಆದರೆ ಪ್ರತಿ ಸೆಕೆಂಡಿಗೆ ಸುಡುವ ಶಕ್ತಿಯೂ ಒಂದೇ.

ಉಕ್ಕಿನ ನಷ್ಟ ವೇಗಕ್ಕೆ ಸೇರಿದ್ದು. ಅಯಸ್ಕಾಂತಗಳು ಹಲ್ಲುಗಳ ಮುಂದೆ ಹಾದುಹೋಗುವಾಗ ಪ್ರತಿ ಹಲ್ಲಿನ ಕಾಂತತ್ವವೂ ಹಿಂದುಮುಂದಾಗುತ್ತಿರುತ್ತದೆ. ಆ ಬದಲಾವಣೆಗೇ ಒಂದಿಷ್ಟು ಶಕ್ತಿ ಬೇಕು. ಜೊತೆಗೆ ಉಕ್ಕಿನ ಹಾಳೆಗಳೊಳಗೆ ಪುಟ್ಟ ಪುಟ್ಟ ಸುಳಿ ಕರೆಂಟುಗಳು ಹುಟ್ಟಿ ಅದನ್ನು ಕಾಯಿಸುತ್ತವೆ. ಉಕ್ಕನ್ನು ಒಂದೇ ಗಟ್ಟಿಯಾಗಿ ಇಡದೆ ಹಾಳೆ ಹಾಳೆಯಾಗಿ ಪೇರಿಸುವುದು ಈ ಸುಳಿಗಳನ್ನು ತುಂಡರಿಸುವುದಕ್ಕೇ. ಸ್ಕೂಟರ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ತಡೆತಡೆದು, ಕಚ್ಚಿ ಬಿಟ್ಟಂತೆ ತಿರುಗುತ್ತದಲ್ಲ, ಅದು ಅಯಸ್ಕಾಂತ ಒಂದೊಂದೇ ಹಲ್ಲನ್ನು ದಾಟುವ ಗುರುತು. ಭಾರ ಇರಲಿ ಬಿಡಲಿ, ಚಕ್ರ ತಿರುಗಿದರೆ ಸಾಕು, ಈ ಉಕ್ಕಿನ ತೆರಿಗೆ ಕಟ್ಟಲೇಬೇಕು.

ಇನ್ನು ಅಂಕಿಗಳಿಗೆ ಬರೋಣ. ನಿಮ್ಮ ಸ್ಕೂಟರಿನ ಪಟ್ಟಿ ನನ್ನ ಮುಂದಿಲ್ಲವಾದ್ದರಿಂದ ಲೆಕ್ಕಕ್ಕೆ ಸಲೀಸಾದ ಒಂದು ಸ್ಕೂಟರನ್ನು ನಾನೇ ಕಲ್ಪಿಸಿಕೊಳ್ಳುತ್ತೇನೆ. ಬ್ಯಾಟರಿ 60 ವೋಲ್ಟ್. ಚಕ್ರವನ್ನು ಗಾಳಿಯಲ್ಲಿ ಬಿಟ್ಟು ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ 60 ಕಿ.ಮೀ. ವೇಗ. ಅಂದರೆ ಗಂಟೆಗೆ ಒಂದೊಂದು ಕಿ.ಮೀ. ವೇಗ ಏರಿದಂತೆ ಮೋಟಾರ್ ತನ್ನೊಳಗೆ ಒಂದೊಂದು ವೋಲ್ಟಿನ ಎದುರು ಒತ್ತಡ ಹುಟ್ಟಿಸುತ್ತದೆ. ಇಂಥ ಮೋಟಾರಿನಲ್ಲಿ ಒಂದು ಆಂಪ್ ಕರೆಂಟಿಗೆ 3.6 ನ್ಯೂಟನ್ ನೂಕು ಸಿಗುತ್ತದೆ. ಸುರುಳಿಯ ರೋಧ 0.2 ಓಮ್ ಇರಲಿ. ಬರಿದೇ ತಿರುಗಲು 2 ಆಂಪ್ ಬೇಕು ಎನ್ನೋಣ, ಅದೇ ಉಕ್ಕಿನ ನಷ್ಟ. ನಿಜವಾದ ಮೋಟಾರಿನಲ್ಲಿ ಹೆಚ್ಚಿನ ವೇಗಕ್ಕೆ ಹೋದಾಗ ಈ ನಷ್ಟ ನನ್ನ ಲೆಕ್ಕಕ್ಕಿಂತ ತುಸು ಹೆಚ್ಚೇ ಆಗುತ್ತದೆ.

ಒಬ್ಬರೇ ಸಮತಟ್ಟಾದ ರಸ್ತೆಯಲ್ಲಿ, ಸ್ಕೂಟರ್ ಸೇರಿ 170 ಕಿಲೋ ಭಾರದೊಂದಿಗೆ, 15 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾರೆ. ಟೈರಿನ ತಡೆ, ಗಾಳಿಯ ತಡೆ ಎರಡೂ ಸೇರಿ 31 ನ್ಯೂಟನ್ ನೂಕು ಸಾಕು. ಮೋಟಾರ್ ಒಳಗೆ ತೆಗೆದುಕೊಳ್ಳುವುದು 174 ವ್ಯಾಟ್, ಚಕ್ರಕ್ಕೆ ಕೊಡುವುದು 129. ದಕ್ಷತೆ ಶೇ. 74. ವೇಗವನ್ನು 30ಕ್ಕೆ ಏರಿಸಿದರೆ ದಕ್ಷತೆ ಶೇ. 81ಕ್ಕೆ, 45ಕ್ಕೆ ಏರಿಸಿದರೆ ಶೇ. 84ಕ್ಕೆ ಹೋಗುತ್ತದೆ. ವೇಗ ಹೆಚ್ಚಿದಂತೆ ಮೋಟಾರ್ ಹೆಚ್ಚು ಹೆಚ್ಚು ಜಾಣವಾಗುತ್ತಿದೆ. ಈಗ ಪ್ರತಿ ಕಿಲೋಮೀಟರಿಗೆ ಖರ್ಚಾದ ಚಾರ್ಜ್ ನೋಡಿ: 15ರಲ್ಲಿ 12 ವ್ಯಾಟ್ ಅವರ್, 30ರಲ್ಲಿ 17, 45ರಲ್ಲಿ 27. ಇಂಥ ಸಾವಿರ ವ್ಯಾಟ್ ಅವರ್ ಸೇರಿದರೆ ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್.

ಎಲ್ಲರೂ ಎಡವುವುದು ಇಲ್ಲಿಯೇ. ಮೋಟಾರಿನ ದಕ್ಷತೆ ಬೇರೆ, ಒಂದು ಚಾರ್ಜಿಗೆ ಸಿಗುವ ದೂರ ಬೇರೆ. ದಕ್ಷತೆ ಎಂದರೆ ಬ್ಯಾಟರಿ ಕೊಟ್ಟದ್ದರಲ್ಲಿ ಚಕ್ರಕ್ಕೆ ತಲುಪಿದ ಪಾಲು ಎಷ್ಟು ಎಂಬುದು ಮಾತ್ರ. ಚಕ್ರಕ್ಕೆ ಎಷ್ಟು ಬೇಕಾಗಿತ್ತು ಎಂಬುದನ್ನು ಅದು ಹೇಳುವುದಿಲ್ಲ. 45ರಲ್ಲಿ ಮೋಟಾರ್ ಪೋಲು ಮಾಡುವ ಪಾಲು ಕಡಿಮೆ, ಆದರೆ ಗಾಳಿ ಸೀಳುವ ಕೆಲಸವೇ ಅಷ್ಟು ದೊಡ್ಡದಾಗಿಬಿಟ್ಟಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. "ನಮ್ಮ ಮೋಟಾರಿನ ದಕ್ಷತೆ ಶೇ. 90" ಎಂದು ಮಾರಾಟದವರು ಹೇಳಿದರೆ ಅದು ಸುಳ್ಳೆನ್ನಬೇಕಾಗಿಲ್ಲ. ಒಳ್ಳೆಯ ಹಬ್ ಮೋಟಾರುಗಳು ತಮಗೆ ಒಗ್ಗಿದ ವೇಗ ಮತ್ತು ಭಾರದಲ್ಲಿ ಶೇ. 85ರಿಂದ 90 ಮುಟ್ಟುತ್ತವೆ. ಯಾವ ವೇಗದಲ್ಲಿ, ಎಷ್ಟು ಭಾರಕ್ಕೆ ಎಂದು ತಿರುಗಿ ಕೇಳಿ. ಆ ಎರಡು ಮಾತಿಲ್ಲದೆ ದಕ್ಷತೆಯ ಅಂಕಿಗೆ ಅರ್ಥವಿಲ್ಲ.

ಈಗ ನಿಮ್ಮ ಹೆಂಡತಿಯವರನ್ನೂ ಕೂರಿಸಿಕೊಳ್ಳಿ. ಒಟ್ಟು ಭಾರ 240 ಕಿಲೋ. ಸಮತಟ್ಟಾದ ರಸ್ತೆಯಲ್ಲಿ 30ರ ವೇಗದಲ್ಲಿ ಬೇಕಾದ ನೂಕು 50 ನ್ಯೂಟನ್ನಿನಿಂದ 60ಕ್ಕೆ ಹೋಗುತ್ತದೆ, ಅಷ್ಟೆ. ದಕ್ಷತೆ ಅದೇ ಶೇ. 81. ಖರ್ಚು ಕಿಲೋಮೀಟರಿಗೆ 17ರಿಂದ ಇಪ್ಪತ್ತು ಚಿಲ್ಲರೆಗೆ ಏರುತ್ತದೆ. ಹಿಂದೆ ಒಬ್ಬರು ಕೂತರೆ ಮೋಟಾರಿಗೆ ಘಾತವಾಗುತ್ತದೆ ಎಂಬ ಭಯ ಸಮತಟ್ಟು ದಾರಿಯಲ್ಲಿ ಬೇಡ. ಅಷ್ಟೇ ಅಲ್ಲ, ಈ ಕಲ್ಪನೆಯ ಮೋಟಾರಿಗೆ 30ರ ವೇಗದಲ್ಲಿ ಅತಿ ಹಿತವಾದ ಭಾರ ಹೆಚ್ಚೂಕಡಿಮೆ ಅದೇ 60 ನ್ಯೂಟನ್. ಯಾವುದೇ ವೇಗದಲ್ಲಿ ತಾಮ್ರದ ನಷ್ಟವೂ ಉಕ್ಕಿನ ನಷ್ಟವೂ ಸರಿಸಮವಾದಾಗ ದಕ್ಷತೆ ತುತ್ತತುದಿಗೆ ತಲುಪುತ್ತದೆ. ಅದಕ್ಕಿಂತ ಭಾರ ಹೆಚ್ಚಿದರೆ ತಾಮ್ರ ತಿನ್ನುತ್ತದೆ, ತೀರಾ ಹಗುರಾದರೆ ಉಕ್ಕು ತಿನ್ನುತ್ತದೆ. ಇಳಿಜಾರಿನಲ್ಲಿ ಮೋಟಾರ್ ಬರೀ 10 ನ್ಯೂಟನ್ ನೂಕುತ್ತಿದ್ದರೆ ದಕ್ಷತೆ ಶೇ. 57ಕ್ಕೆ ಬಿದ್ದಿರುತ್ತದೆ. ಆದರೆ ಅಲ್ಲಿ ಖರ್ಚಾಗುವುದೇ ಅಲ್ಪ, ಅದರ ಚಿಂತೆ ಬೇಡ.

ಇನ್ನು ಬೆಟ್ಟ. ಮೈಸೂರಿನಿಂದ ಚಾಮುಂಡಿ ಬೆಟ್ಟದ ನೆತ್ತಿ ಹೆಚ್ಚೂಕಡಿಮೆ 300 ಮೀಟರ್ ಎತ್ತರದಲ್ಲಿದೆ. ಲೆಕ್ಕಕ್ಕಾಗಿ ಏರು ಎಲ್ಲೆಡೆ ಒಂದೇ ಸಮ ಇದೆ, 15 ಮೀಟರ್ ಹೋದರೆ ಒಂದು ಮೀಟರ್ ಏರುತ್ತದೆ ಎಂದುಕೊಳ್ಳೋಣ. ಹಾಗಾದರೆ ನಾಲ್ಕೂವರೆ ಕಿ.ಮೀ. ಏರು. ನಿಮ್ಮಿಬ್ಬರನ್ನು ಮೇಲಕ್ಕೆಳೆಯಲು ಏರಿಗೇ 157 ನ್ಯೂಟನ್, ಟೈರಿಗೆ 35, 15ರ ವೇಗದ ಗಾಳಿಗೆ 6. ಒಟ್ಟು 198 ನ್ಯೂಟನ್. ಸಮತಟ್ಟು ದಾರಿಯಲ್ಲಿ ಒಬ್ಬರೇ ಇದೇ ವೇಗದಲ್ಲಿ ಹೋಗುವಾಗ ಬೇಕಾಗಿದ್ದ ನೂಕಿನ ಆರು ಪಟ್ಟಿಗಿಂತ ಹೆಚ್ಚು. ಸುರುಳಿಯಲ್ಲಿ 55 ಆಂಪ್ ಹರಿಯಬೇಕು. ತಾಮ್ರ ಕಾಯಲು ಹೋಗುವುದು 605 ವ್ಯಾಟ್, ಮೇಲೆ ಒಯ್ಯುವ ಕೆಲಸಕ್ಕೆ ಸಿಗುವುದು 826 ವ್ಯಾಟ್. ದಕ್ಷತೆ ಶೇ. 57. ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಬಿಸಿಯನ್ನು ಗಾಳಿಯಾಡದ ಒಂದು ಡಬ್ಬಿಯೊಳಗೆ 18 ನಿಮಿಷ ಸುರಿದಂತಾಯಿತು. ಚಕ್ರ ಮುಟ್ಟಲಾಗದಂತೆ ಕಾಯದೆ ಇನ್ನೇನಾದೀತು?

ಅಷ್ಟಕ್ಕೇ ಮುಗಿಯುವುದಿಲ್ಲ. ತಾಮ್ರ ಕಾದಂತೆ ಅದರ ರೋಧವೂ ಏರುತ್ತದೆ, ಪ್ರತಿ ಡಿಗ್ರಿಗೆ ಶೇ. 0.39ರಷ್ಟು. ಸುರುಳಿ 25 ಡಿಗ್ರಿಯಿಂದ 125 ಡಿಗ್ರಿಗೆ ಹೋದರೆ 605 ವ್ಯಾಟಿನ ಜಾಗದಲ್ಲಿ 840 ವ್ಯಾಟ್ ಸುಡುತ್ತದೆ. ಕಾದದ್ದರಿಂದ ಇನ್ನಷ್ಟು ಕಾಯುತ್ತದೆ. ಒಳಗಿನ ಸುರುಳಿಯಿಂದ ಹೊರಗಿನ ಬಳೆಗೆ ಬಿಸಿ ದಾಟಲು ನಡುವೆ ಗಾಳಿಯ ಒಂದು ಸಣ್ಣ ಸಂದು ಅಡ್ಡ ಇದೆ. ಹಾಗಾಗಿ ನಿಮ್ಮ ಕೈಗೆ ತಾಗಿದ ಬಿಸಿ ನಿಜವಾದ ಬಿಸಿಯ ಒಂದಂಶ. ಒಳಗಿನ ತಾಮ್ರ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿತ್ತು.

ಇದೇ ಏರನ್ನು 30ರ ವೇಗದಲ್ಲಿ ಹತ್ತಿದ್ದರೆ? ಗಾಳಿಯ ತಡೆ ಸೇರಿ ನೂಕು 217 ನ್ಯೂಟನ್ ಆಗುತ್ತದೆ, ತಾಮ್ರದಲ್ಲಿ ಸುಡುವುದು 727 ವ್ಯಾಟಿಗೆ ಏರುತ್ತದೆ. ಆದರೆ 18 ನಿಮಿಷದ ದಾರಿ 9 ನಿಮಿಷಕ್ಕೆ ಮುಗಿಯುತ್ತದೆ. ಸುರುಳಿಯೊಳಗೆ ಬಿದ್ದ ಒಟ್ಟು ಬಿಸಿ 182 ವ್ಯಾಟ್ ಅವರಿನಿಂದ 109ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಹೋಗುವ ಒಟ್ಟು ಚಾರ್ಜ್ ಸಹ 438ರಿಂದ 389ಕ್ಕೆ ಇಳಿಯುತ್ತದೆ. ದಕ್ಷತೆ ಶೇ. 70. ಸಮತಟ್ಟಿನಲ್ಲಿ ನಿಧಾನಕ್ಕೆ ಸಿಗುತ್ತಿದ್ದ ಬಹುಮಾನ ಏರಿನಲ್ಲಿ ಸಿಗುವುದಿಲ್ಲ, ಬದಲಿಗೆ ದಂಡ ತೆರಬೇಕಾಗುತ್ತದೆ. ಬೆಟ್ಟದ ತಿರುವುಗಳಲ್ಲಿ ಹುಚ್ಚೆದ್ದು ಓಡಿಸಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಸ್ಕೂಟರ್ ಸಲೀಸಾಗಿ ಹಿಡಿಯುವ, ತಿರುವಿಗೆ ಸುರಕ್ಷಿತವಾದ ಒಂದು ವೇಗವನ್ನು ಬಿಡದೆ ಕಾಯ್ದುಕೊಳ್ಳಿ. ಚಾರ್ಜ್ ಉಳಿಸಲೆಂದು ಬೇಕೆಂದೇ ತೆವಳಬೇಡಿ.

ನಿಮ್ಮ ಮುಂದಿನ ಮೀಟರಿನಲ್ಲಿ ಆಂಪ್ ತೋರಿಸುತ್ತಿದ್ದರೆ ಅದನ್ನು ಸುಮ್ಮನೆ ನಂಬಬೇಡಿ. ಆ ಏರಿನಲ್ಲಿ 15ರ ವೇಗದಲ್ಲಿದ್ದಾಗ ಬ್ಯಾಟರಿಯಿಂದ ಬರುತ್ತಿದ್ದದ್ದು ಬರೀ 24 ಆಂಪ್. ಸುರುಳಿಯಲ್ಲಿ ಹರಿಯುತ್ತಿದ್ದದ್ದು 55. ಇದು ಕಂಟ್ರೋಲರ್ ಮಾಡುವ ಬದಲಾವಣೆ. ಹೆಚ್ಚು ವೋಲ್ಟಿನ ಕಡಿಮೆ ಕರೆಂಟನ್ನು ಅದು ಕಡಿಮೆ ವೋಲ್ಟಿನ ಹೆಚ್ಚು ಕರೆಂಟಾಗಿ ಮಾರ್ಪಡಿಸಿ ಮೋಟಾರಿಗೆ ಕೊಡುತ್ತದೆ. ವೇಗ ಕಡಿಮೆಯಾದಷ್ಟೂ ಈ ಎರಡು ಅಂಕಿಗಳ ನಡುವಿನ ಅಂತರ ಹೆಚ್ಚು. ಮೀಟರ್ ನೋಡಿದವರಿಗೆ ಎಲ್ಲವೂ ತಣ್ಣಗಿದೆ ಎನಿಸುವ ಹೊತ್ತಿನಲ್ಲೇ ಮೋಟಾರ್ ಬೇಯುತ್ತಿರುತ್ತದೆ.

ಇದರ ತೀರಾ ಕೆಟ್ಟ ರೂಪವೊಂದನ್ನು ಊರ ಸಿಗ್ನಲ್ಲುಗಳಲ್ಲಿ ನೋಡುತ್ತಿರುತ್ತೇನೆ. ಏರಿನಲ್ಲಿ ನಿಂತಾಗ ಬ್ರೇಕ್ ಹಿಡಿಯದೆ, ಹಿಂದಕ್ಕೆ ಜಾರದಷ್ಟೇ ಆಕ್ಸಿಲರೇಟರ್ ತಿರುಗಿಸಿಕೊಂಡು ನಿಲ್ಲುವುದು. ದಯವಿಟ್ಟು ಹಾಗೆ ಮಾಡಬೇಡಿ. ಚಕ್ರ ತಿರುಗುತ್ತಿಲ್ಲವೆಂದರೆ ಕೆಲಸ ಸೊನ್ನೆ, ದಕ್ಷತೆಯೂ ಸೊನ್ನೆ. ನಮ್ಮ ಲೆಕ್ಕದ ಏರಿನಲ್ಲಿ ಸ್ಕೂಟರನ್ನು ಹಾಗೆ ಹಿಡಿದು ನಿಲ್ಲಿಸಲು 380 ವ್ಯಾಟ್ ಸುಡಬೇಕು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಬಗೆಯ ಹಲವು ಮೋಟಾರುಗಳಲ್ಲಿ ಮೂರು ಗುಂಪು ಸುರುಳಿಗಳಿದ್ದು, ಒಂದು ಹೊತ್ತಿಗೆ ಎರಡರಲ್ಲಿ ಮಾತ್ರ ಕರೆಂಟ್ ಹರಿಯುತ್ತದೆ. ಚಕ್ರ ತಿರುಗುತ್ತಿದ್ದರೆ ಸರದಿ ಬದಲಾಗುತ್ತಾ ಮೂರಕ್ಕೂ ಬಿಡುವು ಸಿಗುತ್ತದೆ. ಚಕ್ರ ನಿಂತರೆ ಸರದಿಯೂ ನಿಲ್ಲುತ್ತದೆ, ಆ ಕ್ಷಣ ಸಿಕ್ಕಿಬಿದ್ದ ಎರಡು ಗುಂಪುಗಳೇ ಎಲ್ಲ ಬಿಸಿಯನ್ನೂ ಹೊರಬೇಕು. ಅಂಗಡಿಯಲ್ಲಿ ನಾನು ಕಂಡ ಆ ಅರೆ ಕಪ್ಪು, ಅರೆ ಜೇನುಬಣ್ಣದ ಸುರುಳಿಗಳು ಹೇಳುತ್ತಿದ್ದದ್ದೂ ಇಂಥದೇ ಕಥೆಯನ್ನು.

ಹಬ್ ಮೋಟಾರೇ ಕಳಪೆ ಎಂದು ಇದರಿಂದ ತೀರ್ಮಾನಿಸಬೇಡಿ. ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ 3,000 ಕಿ.ಮೀ. ಉದ್ದದ ಸೌರ ಕಾರುಗಳ ಪಂದ್ಯ ನಡೆಯುತ್ತದೆ. 1999ರಲ್ಲಿ ಅದನ್ನು ಗೆದ್ದದ್ದು ಆಸ್ಟ್ರೇಲಿಯಾದವರದೇ ಆದ ಅರೋರಾ ಕಾರು. ಇಂಥ ಕಾರುಗಳಿಗಾಗಿ ಅಲ್ಲಿನ ವಿಜ್ಞಾನಿಗಳು ರೂಪಿಸಿದ ಚಕ್ರದೊಳಗಿನ ಮೋಟಾರಿನ ದಕ್ಷತೆ ಶೇ. 98ರ ಹತ್ತಿರ. ಸುರುಳಿಯ ಭಾಗದಿಂದ ಉಕ್ಕನ್ನೇ ತೆಗೆದುಹಾಕಿ, ಉಕ್ಕಿನ ನಷ್ಟವನ್ನು ಅವರು ಬುಡಸಮೇತ ಕಿತ್ತರು. ಮರುಭೂಮಿಯ ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗ, ಒಂದೇ ಹಗುರ ಭಾರ. ಹಬ್ ಮೋಟಾರಿಗೆ ಅದಕ್ಕಿಂತ ಸುಖದ ದಾರಿ ಇಲ್ಲ.

ಅದಕ್ಕೆ ತೀರಾ ತದ್ವಿರುದ್ಧವಾದದ್ದು 1971ರಲ್ಲಿ ಅಪೊಲೊ 15ರವರು ಚಂದ್ರನ ಮೇಲೆ ಓಡಿಸಿದ ಬಂಡಿ. ಅದರ ನಾಲ್ಕೂ ಚಕ್ರಗಳಲ್ಲಿ ಒಂದೊಂದು ಮೋಟಾರ್, ಪ್ರತಿಯೊಂದೂ ಕಾಲು ಅಶ್ವಶಕ್ತಿಯದು. ದೂಳು, ದಿಣ್ಣೆ, ಕಲ್ಲುಗಳ ಮೇಲೆ ಮೆಲ್ಲಗೆ ಸಾಗಬೇಕು, ಜೊತೆಗೆ ಬಿಸಿಯನ್ನು ಒಯ್ಯಲು ಅಲ್ಲಿ ಗಾಳಿಯೇ ಇಲ್ಲ. ಹಾಗಾಗಿ ಅವರು ಮೋಟಾರನ್ನು ನೇರವಾಗಿ ಚಕ್ರಕ್ಕೆ ಕಟ್ಟಲಿಲ್ಲ. ಮೋಟಾರ್ 80 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುವಂಥ ಗೇರನ್ನು ನಡುವೆ ಇಟ್ಟರು. ಚಕ್ರ ತೆವಳಿದರೂ ಮೋಟಾರ್ ತನಗೊಗ್ಗಿದ ವೇಗದಲ್ಲಿ ತಿರುಗುತ್ತಿರಬೇಕು ಎಂಬುದೇ ಉದ್ದೇಶ. ಎಲೆಕ್ಟ್ರಿಕ್ ಸೈಕಲ್ಲುಗಳಲ್ಲಿ ಸಿಗುವ ಗೇರ್ ಹಬ್‌ಗಳಲ್ಲೂ ಇದೇ ಉಪಾಯವಿದೆ, ಅಲ್ಲಿ ಸಾಮಾನ್ಯವಾಗಿ ಐದು ಪಟ್ಟಿನ ಆಸುಪಾಸು. ದಿನವೂ ಕಡಿದಾದ ಏರು ಹತ್ತಲೇಬೇಕಾದ ಮಡಿಕೇರಿ, ಸಕಲೇಶಪುರದ ಕಡೆಯವರು ಗಾಡಿ ಕೊಳ್ಳುವಾಗ ಗೇರ್ ಅಥವಾ ಬೆಲ್ಟ್ ಇರುವುದನ್ನೇ ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೈಸೂರು, ದಾವಣಗೆರೆಯಂಥ ಊರುಗಳಿಗೆ ನಿಮ್ಮ ಹಬ್ ಮೋಟಾರ್ ಚೆನ್ನಾಗಿಯೇ ಹೊಂದುತ್ತದೆ. ಸವೆಯುವ ಬಿಡಿಭಾಗ ಕಡಿಮೆ, ಸದ್ದೂ ಕಡಿಮೆ.

ನಿಮಗೆ ಹೇಳಬೇಕಾದ ಸಣ್ಣಪುಟ್ಟವು ಕೆಲವಿವೆ. ಬೆಟ್ಟಕ್ಕೆ ಹೊರಡುವ ಮುನ್ನ ಟೈರಿನ ಗಾಳಿ ಸರಿಯಾಗಿ ತುಂಬಿಸಿ. ಏರಿನ ನಡುವೆ ವೇಗ ತಾನಾಗಿ ಬೀಳತೊಡಗಿದರೆ, ಅಥವಾ ವಾರ್ನಿಷ್ ಸುಟ್ಟ ವಾಸನೆ ಬಂದರೆ, ಬೆಟ್ಟದ ನಂದಿ ವಿಗ್ರಹದ ಬಳಿಯಾದರೂ ಸರಿ, ನಿಲ್ಲಿಸಿ 20 ನಿಮಿಷ ಕೂತು ಹೋಗಿ. ಕಾದ ಚಕ್ರಕ್ಕೆ ನೀರು ಮಾತ್ರ ಸುರಿಯಬೇಡಿ.

ಇಳಿಯುವಾಗಿನ ಮಾತೂ ಒಂದಿದೆ. ಮೇಲೆ ಒಯ್ದ 240 ಕಿಲೋ ಭಾರದಲ್ಲಿ 196 ವ್ಯಾಟ್ ಅವರ್ ಎತ್ತರದ ರೂಪದಲ್ಲಿ ಕೂತಿರುತ್ತದೆ. ನಿಮ್ಮ ಸ್ಕೂಟರಿಗೆ ಬ್ರೇಕ್ ಹಿಡಿದಾಗ ಚಾರ್ಜ್ ಮರಳಿಸುವ ಸೌಲಭ್ಯ ಇದ್ದರೆ, 30ರ ವೇಗದಲ್ಲಿ ಒಂದೇ ಸಮನೆ ಇಳಿದಾಗ ಟೈರು, ಗಾಳಿ, ತಾಮ್ರ, ಉಕ್ಕು ಎಲ್ಲವೂ ತಮ್ಮ ಪಾಲು ಕಿತ್ತುಕೊಂಡ ಮೇಲೆ 90ರಷ್ಟು ಬ್ಯಾಟರಿಗೆ ಹಿಂದಿರುಗಬಹುದು. ಹತ್ತುವಾಗ ಕೊಟ್ಟದ್ದು 438. ಬ್ಯಾಟರಿ ಪೂರ್ತಿ ತುಂಬಿದ್ದಾಗ ಆ 90ಕ್ಕೂ ಅಲ್ಲಿ ಜಾಗವಿರುವುದಿಲ್ಲ. ಬೆಟ್ಟದ ಮೇಲೇ ವಾಸವಿದ್ದು ಬೆಳಿಗ್ಗೆ ಊರಿಗೆ ಇಳಿಯುವವರಾದರೆ ರಾತ್ರಿ ಚಾರ್ಜನ್ನು ನೂರಕ್ಕೆ ತುಂಬಿಸದೆ ತೊಂಬತ್ತಕ್ಕೆ ನಿಲ್ಲಿಸಿ.